ಗದುಗಿನ ಸರಸ್ವತಿಗೆ ಇನ್ನೊಂದು ಮೈ

ಗದುಗಿನ ತ್ರಿಕೂಟೇಶ್ವರ ಗುಡಿಗೆ ಬಂದವರು ಒಂದೇ ಪೀಠದ ಮೇಲಿರುವ ಮೂರು ಲಿಂಗಗಳಿಗೆ ಕೈಮುಗಿದು, ಹಾಗೇ ಸರಸ್ವತಿ ಗುಡಿಯ ಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಂಬಗಳು ಅಂಥವು, ಬೆರಳಿಡಲು ಖಾಲಿ ಜಾಗ ಬಿಡದಂತೆ ಕೆತ್ತಿದವು. ಒಳಗಿನ ದೇವಿಯ ಮುಂದೆ ಮಾತ್ರ ಹೆಚ್ಚು ಹೊತ್ತು ಯಾರೂ ನಿಲ್ಲುವುದಿಲ್ಲ. ಮೂರ್ತಿ ಭಿನ್ನವಾಗಿದೆ. ಮುಖಕ್ಕೂ ಕೈಗಳಿಗೂ ಪೆಟ್ಟು ಬಿದ್ದಿದೆ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ, ಪೂಜೆ ಇಲ್ಲದ ಕಡೆ ಜನ ಇಲ್ಲ. ಆದರೆ ಒಂದು ನಿಮಿಷ ಹೆಚ್ಚು ನಿಂತವರಿಗೆ ಗೊತ್ತಾಗುತ್ತದೆ: ಉಳಿದಿರುವ ಮೈಯಷ್ಟರಲ್ಲೇ, ಆ ಕುಳಿತ ನಿಲುವಿನಲ್ಲಿ, ಎದೆಯ ಮೇಲೆ ಇಳಿಬಿದ್ದ ಆಭರಣದ ಎಳೆಎಳೆಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳ ಕೈ ಎಷ್ಟು ಪಳಗಿತ್ತು ಎಂಬುದು.

ಬೇಲೂರಿನ ದರ್ಪಣಸುಂದರಿ ಹಿತ್ತಾಳೆಯಲ್ಲಿ ಸಿಗುತ್ತಾಳೆ, ಬೀಟೆ ಮರದಲ್ಲಿ ಸಿಗುತ್ತಾಳೆ, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತದ ಬಿಲ್ಲೆಯ ಮೇಲೂ ಸಿಗುತ್ತಾಳೆ. ಗದುಗಿನ ಸರಸ್ವತಿಯ ಒಂದು ಒಳ್ಳೆಯ ಪ್ರತಿಕೃತಿಯನ್ನು ಕೊಳ್ಳೋಣವೆಂದರೆ ಗದುಗಿನ ಯಾವ ಅಂಗಡಿಯಲ್ಲೂ ನನಗೆ ಕಂಡಿಲ್ಲ. ಊರಿನ ಮನೆಗಳ ಷೋಕೇಸಿನಲ್ಲಿ ಬೇರೆ ಊರಿನ ದೇವರುಗಳೇ ಇದ್ದಾರೆ. ಇದು ಬರೀ ವ್ಯಾಪಾರದ ಮಾತಾಗಿದ್ದರೆ ಬಿಡಬಹುದಿತ್ತು. ನನಗೆ ಇದು ಈ ಸೀಮೆಯ ಮರೆವಿನ ಮಾತು ಅನ್ನಿಸುತ್ತದೆ. ಯಾಕೆಂದರೆ ಒಂದು ರೂಪವನ್ನು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟಿಸುವ ವಿದ್ಯೆಯಲ್ಲಿ ಹಿಂದೆ ಇದೇ ಸೀಮೆ ಮುಂದಿತ್ತು.

ಮರೆವಿಗೆ ಸೊರಟೂರನ್ನೇ ತೆಗೆದುಕೊಳ್ಳಿ. ಗದಗ ಜಿಲ್ಲೆಯ ಈ ಊರು ಇತಿಹಾಸದ ಪುಸ್ತಕದಲ್ಲಿ ಬರುವುದು ಒಂದು ಕಾಳಗದಿಂದಾಗಿ. 1190ರ ಸುಮಾರಿಗೆ ಹೊಯ್ಸಳರ ಇಮ್ಮಡಿ ಬಲ್ಲಾಳ ಸೇವುಣರ ಐದನೆಯ ಭಿಲ್ಲಮನನ್ನು ಇಲ್ಲಿ ಸೋಲಿಸಿದ. 1192ರ ಹೊತ್ತಿಗೆ ಲಕ್ಕುಂಡಿಯಲ್ಲಿ ನೆಲೆ ಹೂಡಿದ ಬಲ್ಲಾಳ, ಅದೇ ವರ್ಷ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟು ಶಾಸನ ಹಾಕಿಸಿದ. ಚಾಲುಕ್ಯರು ಹೋದರು, ಸೇವುಣರು ಹೋದರು, ಹೊಯ್ಸಳರೂ ಹೋದರು. ಊರೂರಲ್ಲಿ ಕಲ್ಲುಗಳು ಉಳಿದವು. ಈ ಭಾಗದ ಯಾವ ಹಳ್ಳಿಗೆ ಹೋದರೂ ಅಗಸಿಯ ಪಕ್ಕದಲ್ಲೊಂದು ವೀರಗಲ್ಲು, ಹನುಮಪ್ಪನ ಕಟ್ಟೆಗೆ ಒರಗಿಸಿಟ್ಟ ನಾಗರಕಲ್ಲು, ಬಾವಿಯ ಗೋಡೆಯಲ್ಲಿ ಸೇರಿಹೋದ ಸಪ್ತಮಾತೃಕೆಯರ ಫಲಕ ಕಾಣುತ್ತವೆ. ಕೆಲವಕ್ಕೆ ಎಣ್ಣೆ, ಕೆಲವಕ್ಕೆ ಸುಣ್ಣ, ಈಚೆಗೆ ಹಲವಕ್ಕೆ ಡಬ್ಬಿಯ ಪೇಂಟು. ಭಕ್ತಿಯಿಂದಲೇ ಬಳಿದದ್ದು, ನಿಜ. ಆದರೆ ಹಾಗೆ ಬಳಿದ ಮೇಲೆ ಕಲ್ಲಿನ ಸಣ್ಣ ಕೆತ್ತನೆ ಮುಚ್ಚಿಹೋಗುತ್ತದೆ. ಮೂಲವೇ ತನ್ನ ಒರಟು ನಕಲಾಗಿ ಕೂರುತ್ತದೆ.

ಕಲ್ಲು ಬದಲಾದಾಗ

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ದೇವರುಗಳು ಮರಳುಗಲ್ಲಿನವು. ಮರಳುಗಲ್ಲಿನ ಕಣಗಳು ದಪ್ಪ, ತೀರ ಸಣ್ಣ ಎಳೆ ಎಬ್ಬಿಸಲು ಹೋದರೆ ಉದುರುತ್ತವೆ. ಅದಕ್ಕೇ ಅಲ್ಲಿನ ಶಿಲ್ಪಿ ದೊಡ್ಡ ಮೈ, ದೊಡ್ಡ ತಿರುವು, ದೊಡ್ಡ ನೆರಳುಗಳಲ್ಲಿ ಮಾತಾಡಿದ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಈ ಬದಲಾವಣೆಯ ಮೊದಲ ದೊಡ್ಡ ಗುರುತು ಎಂದು ಬಲ್ಲವರು ಹೇಳುತ್ತಾರೆ. ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು, ಹಾನಗಲ್ಲಿನ ಕಡೆ ಈ ಕಲ್ಲು ಧಾರಾಳ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಸ್ವಭಾವ ಅದರದು. ತಿರುಗಣಿಗೆ ಹಾಕಿ ಕಂಬವನ್ನು ಕಡೆಯಬಹುದು. ಹಾರದ ಹಿಂದೆ ಉಳಿ ತೂರಿಸಿ ಅದನ್ನು ಎದೆಯಿಂದ ಬಿಡಿಸಬಹುದು. ಶಿವನೂ ಅವನೇ, ದೇವಿಯೂ ಅವಳೇ, ಧ್ಯಾನಶ್ಲೋಕಗಳೂ ಅವೇ. ಕಲ್ಲು ಬದಲಾದದ್ದೇ ತಡ, ದೇವರ ಮೈಮೇಲಿನ ಒಡವೆ ಹತ್ತು ಪಟ್ಟು ಹೆಚ್ಚಿತು. ಗದುಗಿನ ಸರಸ್ವತಿಯನ್ನು ಮರಳುಗಲ್ಲಿನಲ್ಲಿ ಹೀಗೆ ಕಡೆಯಲು ಆಗುತ್ತಿರಲಿಲ್ಲ.

ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಗೋಡೆಯನ್ನು ನೋಡಿ. ಗೂಡುಗಳ ಮೇಲೆ ಚಿಕ್ಕಚಿಕ್ಕ ಶಿಖರಗಳ ಕೆತ್ತನೆ ಇದೆ. ಗುಡಿಯ ಮೈಮೇಲೆ ಗುಡಿಗಳ ಪ್ರತಿರೂಪ! ದೊಡ್ಡದನ್ನು ಚಿಕ್ಕದಾಗಿಸಿ ಗೋಡೆಗೆ ಇಳಿಸುವ ಈ ಆಟವನ್ನು ಇಲ್ಲಿಯ ಶಿಲ್ಪಿಗಳು ಎಷ್ಟು ಪ್ರೀತಿಯಿಂದ ಆಡಿದರೆಂದರೆ, ಚಾಲುಕ್ಯ ವಾಸ್ತುವನ್ನು ಅಭ್ಯಾಸ ಮಾಡುವವರು ಶಿಖರಗಳ ಬಗೆಬಗೆಯನ್ನು ತಿಳಿಯಲು ಈ ಗೋಡೆಗಳನ್ನೇ ಓದುತ್ತಾರೆ.

ಅದೇ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿ ಬರೆಯಿಸಿ ಹಂಚಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ಜೊತೆಗೇ ಚಿನ್ನ ಮತ್ತು ರತ್ನಗಳ 1,500 ಜಿನಬಿಂಬಗಳನ್ನು ಮಾಡಿಸಿಕೊಟ್ಟಳೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.  ಆ ತಾಯಿಯ ತಿಳಿವಳಿಕೆ ಮುಖ್ಯ: ಪುಸ್ತಕ ಉಳಿಯಬೇಕಾದರೆ ಪ್ರತಿಗಳು ಬೇಕು, ಬಿಂಬ ಮನೆ ಮನೆಗೆ ತಲುಪಬೇಕಾದರೆ ಅದಕ್ಕೂ ಪ್ರತಿಗಳು ಬೇಕು.

ಮೇಣದಿಂದ ಲೋಹಕ್ಕೆ

ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅಡುಗೆಯಿಂದ ಆನೆಯವರೆಗೆ ಎಲ್ಲವೂ ಇದೆ. ಲೋಹದ ಮೂರ್ತಿ ಎರಕ ಹೊಯ್ಯುವ ವಿಧಾನವೂ ಇದೆ. ಮೊದಲು ಜೇನುಮೇಣದಲ್ಲಿ ಮೂರ್ತಿ ಮಾಡಬೇಕು. ಅದಕ್ಕೆ ನುಣುಪಾದ ಮಣ್ಣನ್ನು ಪದರು ಪದರಾಗಿ ಮೆತ್ತಿ ನೆರಳಲ್ಲಿ ಒಣಗಿಸಬೇಕು. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಆ ಪೊಳ್ಳಿಗೆ ಲೋಹ ಹೊಯ್ಯಬೇಕು. ಎಷ್ಟು ಲೋಹ ಬೇಕೆಂದು ಮೇಣವನ್ನು ತೂಗಿಯೇ ತಿಳಿಯಬೇಕು: ಬೆಳ್ಳಿಯಾದರೆ ಮೇಣದ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು. ದೊರೆಯೊಬ್ಬ ಕುಲುಮೆಯ ಲೆಕ್ಕವನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟದ್ದು ನನಗೆ ಯುದ್ಧಗಳಿಗಿಂತ ದೊಡ್ಡ ಸಂಗತಿ.

ಈ ವಿಧಾನದಲ್ಲಿ ಒಂದು ಕಟ್ಟುನಿಟ್ಟಿದೆ. ಮೂರ್ತಿ ಹೊರಬರಬೇಕಾದರೆ ಅಚ್ಚನ್ನು ಒಡೆಯಲೇಬೇಕು. ಇನ್ನೊಂದು ಬೇಕೆಂದರೆ ಮತ್ತೆ ಮೇಣದಿಂದಲೇ ಶುರು. ಹಾಗಾಗಿ ಒಂದೇ ಶಿಲ್ಪಿ ಒಂದೇ ಅಳತೆಯಲ್ಲಿ ಮಾಡಿದ ಎರಡು ನಟರಾಜರು ಪೂರ್ತಿ ಒಂದೇ ಆಗಿರುವುದಿಲ್ಲ. ನಾಗಮಂಗಲದ ಎರಕದವರು ಇಂದಿಗೂ ಈ ಪರಂಪರೆಯಲ್ಲೇ ಇದ್ದಾರೆ.

ಗರ್ಭಗುಡಿಯ ಕಲ್ಲಿನ ಮೂಲದೇವರು ಹೊರಗೆ ಬರುವಂತಿಲ್ಲ. ತೇರಿಗೆ, ಪಲ್ಲಕ್ಕಿಗೆ ಪಂಚಲೋಹದ ಉತ್ಸವಮೂರ್ತಿ ಬೇಕು. ಲಿಂಗಕ್ಕೆ ಬೆಳ್ಳಿಯ ಮುಖ ತೊಡಿಸುತ್ತಾರೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಪ್ರತಿಮೆಗಳು ಎಂಟು ಬಗೆಯೆಂದು ಎಣಿಸಿದೆ: ಕಲ್ಲು, ಮರ, ಲೋಹ, ಮೆತ್ತಿದ್ದು, ಬರೆದದ್ದು, ಮರಳಿನದು, ರತ್ನದ್ದು, ಕೊನೆಗೆ ಮನಸ್ಸಿನದು. ಇಷ್ಟು ಉದಾರವಾದ ಪಟ್ಟಿ ಇದ್ದ ಮೇಲೆ ಫೈಬರ್ ಬಂದಾಗ ಗಾಬರಿಯಾಗಬೇಕಿಲ್ಲ. ನಾನು ಕೇಳುವುದು ಬೇರೆ: ಯಾವ ವಸ್ತುವಿನಲ್ಲಾದರೂ ಮಾಡಿ, ಮೂಲವನ್ನು ಕಣ್ಣಿಟ್ಟು ನೋಡಿ ಮಾಡಿದ್ದೀರಾ?

ಬಣ್ಣಕ್ಕೆ ಹೋಗುವ ದೇವಿ

ಗದುಗಿನಿಂದ ಕೊಪ್ಪಳದ ದಾರಿ ಹಿಡಿದರೆ ಕಿನ್ನಾಳ ದೂರವಿಲ್ಲ. ಭೌಗೋಳಿಕ ಗುರುತು ಪಡೆದ ಕಿನ್ನಾಳದ ಗೊಂಬೆಗಳನ್ನು ಪೇಟೆಯವರು ಆಟಿಗೆ ಎನ್ನುತ್ತಾರೆ. ಚಿತ್ರಗಾರರ ಮನೆಗಳಲ್ಲಿ ಮಾತ್ರ ಗರುಡ, ಹನುಮ, ತೇರಿನ ವಾಹನ, ಗ್ರಾಮದೇವತೆಯರೇ ಮೊದಲಿನಿಂದ ಮುಖ್ಯ ಕೆಲಸ. ಹಗುರವಾದ ಮರವನ್ನು ತುಂಡು ತುಂಡಾಗಿ ಕೆತ್ತಿ ಜೋಡಿಸುತ್ತಾರೆ. ಗೋಣಿಯ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟದಿಂದ ಸಂದುಗಳನ್ನು ಮುಚ್ಚುತ್ತಾರೆ. ಮೇಲೆ ಕಲ್ಲಿನ ಪುಡಿಯ ಲೇಪ, ಅದರ ಮೇಲೆ ಬಣ್ಣ. ಒಡವೆಗಳನ್ನು ಕೆತ್ತುವ ಬದಲು ಲೇಪದಲ್ಲೇ ಉಬ್ಬಿಸುತ್ತಾರೆ.

ಉತ್ತರ ಕರ್ನಾಟಕದ ದ್ಯಾಮವ್ವ, ದುರ್ಗವ್ವರು ಬಹಳ ಕಡೆ ಹೀಗೆ ಮರದವರು. ಜಾತ್ರೆ ಬಂತೆಂದರೆ ದೇವಿ ಬಣ್ಣಕ್ಕೆ ಹೋಗುತ್ತಾಳೆ. ಹಳೆಯ ಬಣ್ಣ ಕೆರೆದು, ಬಿರುಕು ಮುಚ್ಚಿ, ಹೊಸ ಬಣ್ಣ ಹಚ್ಚಿ, ಕೊನೆಗೆ ಕಣ್ಣು ಬರೆಯುತ್ತಾರೆ. ಮರ ಹುಳ ತಿಂದು ಹಾಳಾದರೆ ಹೊಸ ಮರದಲ್ಲಿ ಅದೇ ದೇವಿ ಮತ್ತೆ ಬರುತ್ತಾಳೆ. ಪುರಿಯ ಜಗನ್ನಾಥನಿಗೆ ನವಕಳೇಬರವೆಂದು ದೇಶವೇ ನೋಡುವ ಹಾಗೆ ನಡೆಯುವುದು ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆಯುತ್ತದೆ. ಹಳೆಯ ಮೂಗೇ ಬೇಕು, ಹಳೆಯ ಬಣ್ಣವೇ ಬೇಕು ಎಂಬ ಹಟ ಊರವರಿಗಿಲ್ಲ. ಮುಖದ ಕಳೆ ಮಾತ್ರ ಅದೇ ಇರಬೇಕು. ವಸ್ತುಸಂಗ್ರಹಾಲಯದ ನಿಯಮ ಇದಕ್ಕೆ ತೀರ ಉಲ್ಟಾ. ಎರಡೂ ಸರಿ ಎಂದು ನಾನು ಒಪ್ಪುತ್ತೇನೆ, ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚಬಾರದು ಅಷ್ಟೇ. ದ್ಯಾಮವ್ವನಿಗೆ ಹಚ್ಚುವ ಬಣ್ಣವನ್ನು ವೀರಗಲ್ಲಿಗೂ ಬಳಿದದ್ದರಿಂದಲೇ ನಾನು ಮೊದಲು ಹೇಳಿದ ಪೇಂಟಿನ ಕತೆ ಹುಟ್ಟಿದ್ದು.

ಗಚ್ಚು, ರಬ್ಬರು, ಯಂತ್ರ

ಹತ್ತೊಂಬತ್ತನೆಯ ಶತಮಾನದ ಯೂರೋಪಿಗೆ ಪ್ಲಾಸ್ಟರ್ ಅಚ್ಚುಗಳ ಹುಚ್ಚು ಹತ್ತಿತ್ತು. ಎಲ್ಲ ದೇಶಗಳೂ ತಮ್ಮಲ್ಲಿನ ಶ್ರೇಷ್ಠ ಶಿಲ್ಪಗಳ ಪ್ರತಿಕೃತಿ ಮಾಡಿಸಿ ಹಂಚಿಕೊಳ್ಳಬೇಕೆಂದು 1867ರಲ್ಲಿ ಒಪ್ಪಂದವೂ ಆಯಿತು. ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಇದಕ್ಕೆಂದೇ ದೊಡ್ಡ ಅಂಗಳಗಳನ್ನು 1873ರಲ್ಲಿ ತೆರೆದರು. ಸಾಂಚಿಯ ಪೂರ್ವ ತೋರಣದ ಅಚ್ಚನ್ನು ಹೆನ್ರಿ ಹಾರ್ಡಿ ಕೋಲ್ ಎಂಬ ಸೇನಾಧಿಕಾರಿ 1869-70ರಲ್ಲಿ ತೆಗೆಸಿದ. ಅದರಿಂದ ಹುಟ್ಟಿದ ಪ್ರತಿಕೃತಿಗಳು ಲಂಡನ್, ಪ್ಯಾರಿಸ್, ಬರ್ಲಿನ್ ಸೇರಿದವು. ಬರ್ಲಿನ್ನಿನಲ್ಲಿ 2022ರಲ್ಲಿ ಹಂಬೋಲ್ಟ್ ಫೋರಂ ಮ್ಯೂಸಿಯಮ್ಮಿನ ಮುಂದೆ ಅದೇ ತೋರಣ ಕಲ್ಲಿನಲ್ಲಿ ಎದ್ದು ನಿಂತಿತು. ಕಲ್ಲು ಗಚ್ಚಾಗಿ ಹಡಗು ಹತ್ತಿ, ನೂರೈವತ್ತು ವರ್ಷದ ಮೇಲೆ ಮತ್ತೆ ಕಲ್ಲಾದ ಕತೆ ಇದು. ಇನ್ನೂ ವಿಚಿತ್ರವೆಂದರೆ, ರೋಮಿನ ಟ್ರಾಜನ್ ಕಂಬದ ಕೆತ್ತನೆ ಹೊಗೆ-ಮಳೆಗೆ ಸವೆದ ಮೇಲೆ ಅದರ ಹಳೆಯ ಪ್ಲಾಸ್ಟರ್ ಪ್ರತಿಯೇ ಮೂಲಕ್ಕಿಂತ ಹೆಚ್ಚು ವಿವರ ಉಳಿಸಿಕೊಂಡಿದೆ.

ನಮ್ಮ ಕಡೆ ಅದೇ ಕಾಲದಲ್ಲಿ ಅಚ್ಚಿನ ಬದಲು ಕ್ಯಾಮೆರಾ ಬಂತು. ಪಿಗೌ, ಬಿಗ್ಸ್ ಮುಂತಾದ ಬ್ರಿಟಿಷ್ ಫೋಟೊಗ್ರಾಫರರು 1850ರ ದಶಕದಲ್ಲಿ ಧಾರವಾಡ ಸೀಮೆಯ ಗುಡಿಗಳ ಫೋಟೊ ತೆಗೆದರು. 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುವಿನ ದೊಡ್ಡ ಪುಸ್ತಕವಾಗಿ ಅವು ಲಂಡನ್ನಿನಲ್ಲಿ ಅಚ್ಚಾದವು. ಆಮೇಲೆ ಪುರಾತತ್ವಜ್ಞ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ಗುಡಿಗಳನ್ನು ಅಳೆದು ಬರೆದ ಪುಸ್ತಕ 1926ರಲ್ಲಿ ಬಂತು. ಭಾಗವತದ ಪಟ್ಟಿಯ 'ಬರೆದದ್ದು' ಎಂಬುದಕ್ಕೆ ಇವನ್ನೂ ಸೇರಿಸಬಹುದೇನೋ.

ಇವತ್ತು ಸಾಮಾನ್ಯವಾದದ್ದು ರಬ್ಬರು. ಮೂರ್ತಿಯ ಮೇಲೆ ಸಿಲಿಕೋನ್ ರಬ್ಬರ್ ಬಳಿದು, ಅದರ ಮೇಲೆ ಗಟ್ಟಿ ಕವಚ ಕಟ್ಟಿ, ಬಿಡಿಸಿ, ಒಳಗೆ ಫೈಬರ್ ಗ್ಲಾಸೂ ರಾಳವೂ ಹಾಕಿ ಎರಕ ತೆಗೆಯುತ್ತಾರೆ. ಗದುಗಿನ ಸರಸ್ವತಿಯಂಥ ಮೂರ್ತಿಗೆ ಇದು ಕಷ್ಟದ ಕೆಲಸ. ಹಾರದ ಹಿಂದಿನ ಪೊಳ್ಳು, ಕಿರೀಟದ ತೂತುಗಳಲ್ಲಿ ರಬ್ಬರು ಸಿಕ್ಕಿಕೊಳ್ಳುತ್ತದೆ. ಎಳೆದರೆ ಒಂಬೈನೂರು ವರ್ಷದ ಕಲ್ಲಿನ ಹೊರಪದರೇ ಕಿತ್ತುಬರಬಹುದು, ರಬ್ಬರಿನ ಎಣ್ಣೆ ಕಲ್ಲಿಗಿಳಿದು ಕಲೆಯಾಗಬಹುದು. ರಕ್ಷಿತ ಸ್ಮಾರಕದ ಮೂರ್ತಿಯನ್ನು ಹೀಗೆ ಮುಟ್ಟಲು ಪುರಾತತ್ವ ಇಲಾಖೆ ಸುಲಭಕ್ಕೆ ಬಿಡುವುದೂ ಇಲ್ಲ, ಬಿಡಲೂಬಾರದು. ಅದರ ಬದಲು ಸುತ್ತಲಿಂದ ನೂರಾರು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪ ಕಟ್ಟುವ ದಾರಿ ಇದೆ. ಮೂರ್ತಿಗೆ ಬೆರಳೂ ತಾಗುವುದಿಲ್ಲ. ಆ ರೂಪವನ್ನು ತ್ರಿಡಿ ಪ್ರಿಂಟರಿಗೆ ಕೊಡಬಹುದು, ಕಲ್ಲು ಕೊರೆಯುವ ಸಿಎನ್‌ಸಿ ಯಂತ್ರಕ್ಕೂ ಕೊಡಬಹುದು. ಯಂತ್ರದ ಮೊನೆ ಹೊಗದ ಸಂದಿಗೆ ಕೊನೆಗೂ ಉಳಿ ಹಿಡಿದ ಮನುಷ್ಯನೇ ಬೇಕು.

ವಸ್ತುವಿಗೊಂದು ಹಟ ಇರುತ್ತದೆ. ಜೇಡಿಮಣ್ಣು ಒಣಗಿ ಸುಡುವ ಹೊತ್ತಿಗೆ ನೂರಕ್ಕೆ ಹತ್ತರ ಆಸುಪಾಸು ಕುಗ್ಗುತ್ತದೆ. ಕಂಚು ಆರುವಾಗ ಸ್ವಲ್ಪ ಕುಗ್ಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಅಚ್ಚಿನ ಮೂಲೆಮೂಲೆ ತುಂಬುವುದು ಅದರಿಂದಲೇ. ಅದೇ ಪ್ಲಾಸ್ಟರು ಗಣಪತಿಯಾಗಿ ಕೆರೆಗೆ ಬಿದ್ದಾಗ ಕರಗದೆ ಕೂರುತ್ತದೆ ಎಂಬ ಜಗಳ ಎಲ್ಲರಿಗೂ ಗೊತ್ತು. ಸಿಮೆಂಟಿಗೆ ಸಣ್ಣ ಕೆಲಸ ಒಗ್ಗುವುದಿಲ್ಲ, ಗಾತ್ರ ಒಗ್ಗುತ್ತದೆ. 123 ಅಡಿಯ ಮುರ್ಡೇಶ್ವರದ ಶಿವನನ್ನು ದೂರದಿಂದಲೇ ನೋಡಬೇಕು. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನ ಹಳ್ಳಿಯ ಜನರಂತೂ ಬೇರೆಯೇ. ಅವರು ಯಾರ ನಕಲೂ ಅಲ್ಲ, ಸಿಮೆಂಟಿನಲ್ಲೂ ಕಳೆ ತರಬಹುದೆಂಬುದಕ್ಕೆ ಸಾಕ್ಷಿ.

ಶಿವಪುರಂ ಪಾಠ

ಪ್ರತಿಕೃತಿ ಎಂದರೆ ಇಲಾಖೆಗಳು ಬೆಚ್ಚುವುದಕ್ಕೆ ಕಾರಣವಿದೆ. ತಮಿಳುನಾಡಿನ ಶಿವಪುರಂನಲ್ಲಿ 1951ರಲ್ಲಿ ನೆಲದಲ್ಲಿ ಚೋಳರ ಕಾಲದ ಕಂಚಿನ ನಟರಾಜ ಸಿಕ್ಕಿತು. ದುರಸ್ತಿಗೆಂದು ಕೊಟ್ಟಾಗ ಅದರ ನಕಲು ತಯಾರಾಯಿತು. ಗುಡಿಗೆ ನಕಲು ಮರಳಿತು, ಮೂಲ ಮಾರಾಟವಾಯಿತು. ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಾಸ್ ಬ್ಯಾರೆಟ್ 1965ರಲ್ಲಿ ಗುಡಿಯಲ್ಲಿರುವುದು ನಕಲೆಂದು ಬರೆದ ಮೇಲೆ ಲೋಕಕ್ಕೆ ತಿಳಿಯಿತು. ಅಮೆರಿಕದ ಕಲಾಸಂಗ್ರಾಹಕ ನಾರ್ಟನ್ ಸೈಮನ್ ಕೈ ಸೇರಿದ್ದ ಮೂಲ ನಟರಾಜ ದೊಡ್ಡ ವ್ಯಾಜ್ಯದ ನಂತರ 1986ರಲ್ಲಿ ಭಾರತಕ್ಕೆ ಬಂದ. ಅಷ್ಟು ವರ್ಷ ಊರವರು ಪೂಜಿಸಿದ್ದು ನಕಲನ್ನೇ. ಅವರ ಭಕ್ತಿಗೆ ಕುಂದು ಬರಲಿಲ್ಲ, ಮೋಸ ಮಾತ್ರ ಮೋಸವೇ. ಅದಕ್ಕೇ ಪ್ರತಿಕೃತಿಯ ಮೈಮೇಲೆ ಅಳಿಸಲಾಗದ ಗುರುತಿರಬೇಕು: ಯಾವ ಮೂಲದ್ದು, ಯಾವ ವಸ್ತು, ಯಾವ ವರ್ಷ, ಮಾಡಿದವರು ಯಾರು.

ಪ್ರಾಮಾಣಿಕ ಪ್ರತಿಕೃತಿಗೆ ನಮ್ಮಲ್ಲೇ ಒಳ್ಳೆಯ ಮಾದರಿ ಇದೆ. ಹಲ್ಮಿಡಿಯ ಶಾಸನದ ಮೂಲ ಊರಲ್ಲಿಲ್ಲ. ಊರಲ್ಲಿ ಫೈಬರಿನ ಪ್ರತಿ ನಿಲ್ಲಿಸಿದ್ದಾರೆ, ಹೋದವರು ಅದನ್ನೇ ಓದಿ ಬರುತ್ತಾರೆ. ಹಂಪಿಯ ಕೃಷ್ಣ ದೇವಾಲಯಕ್ಕೆ ಇನ್ನೂ ಆ ಭಾಗ್ಯ ಬಂದಿಲ್ಲ. ಕೃಷ್ಣದೇವರಾಯ ಉದಯಗಿರಿಯಿಂದ ತಂದು ಪ್ರತಿಷ್ಠೆ ಮಾಡಿದ ಬಾಲಕೃಷ್ಣ ಈಗ ಚೆನ್ನೈನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದ್ದಾನೆ, ಗುಡಿಯ ಗರ್ಭಗೃಹ ಖಾಲಿ. ಅಲ್ಲೊಂದು ಕಲ್ಲಿನ ಪ್ರತಿಯನ್ನು ಹೆಸರು ಹಚ್ಚಿ ಕೂರಿಸಿದರೆ ನೋಡುವವರಿಗೆ ಗುಡಿಯ ಅರ್ಥವಾದರೂ ಆದೀತು.

ಪೇಟೆಯ ಪ್ರತಿಕೃತಿಗಳ ಗತಿ ಬೇರೆ. ಮೈಸೂರಿನ ಅರುಣ್ ಯೋಗಿರಾಜ್ ಕೃಷ್ಣಶಿಲೆಯಲ್ಲಿ ಕಡೆದ 51 ಇಂಚಿನ ಬಾಲರಾಮ ಅಯೋಧ್ಯೆಯಲ್ಲಿ ನಿಂತದ್ದು 2024ರ ಜನವರಿಯಲ್ಲಿ. ಕೆಲವೇ ದಿನಗಳಲ್ಲಿ ಅದರ ರಾಳದ, ಹಿತ್ತಾಳೆಯ, ಮರದ ಪ್ರತಿಗಳು ಅಂಗಡಿ ತುಂಬಿದವು. ಬಹುಪಾಲಿನಲ್ಲಿ ಕಣ್ಣು ದೊಡ್ಡದು, ಕೆನ್ನೆ ನುಣುಪು, ನಗು ಕ್ಯಾಲೆಂಡರಿನದು. ಮೂಲದ ಶಿಲ್ಪಿ ದುಡಿದದ್ದು ಯಾವುದಕ್ಕಾಗಿಯೋ ಅದೇ ಮಾಯ. ನಮ್ಮ ಹಳೆಯ ಶಿಲ್ಪಗಳನ್ನು ಮಾರುಕಟ್ಟೆಗೆ ತರುವವರೂ ಇದನ್ನೇ ಮಾಡುತ್ತಾರೆ. ಮುರಿದ ಮೂಗನ್ನು ತಮಗೆ ತೋಚಿದಂತೆ ಹಚ್ಚುತ್ತಾರೆ, ಎಲ್ಲ ದೇವಿಯರಿಗೂ ಒಂದೇ ಮುಖ ಕೊಡುತ್ತಾರೆ.

ಗದುಗಿನ ಸರಸ್ವತಿಯನ್ನು ಹೇಗಿದ್ದಾಳೋ ಹಾಗೇ, ಪೆಟ್ಟಿನ ಗುರುತು ಸಹಿತ ಪ್ರತಿ ಮಾಡಬೇಕೆಂಬುದು ನನ್ನ ವಾದ. ಹಾವೇರಿ ಕಡೆಯ ಬಳಪದ ಕಲ್ಲಿನಲ್ಲೇ ಆದರೆ ಇನ್ನೂ ಒಳ್ಳೆಯದು. ಇಲ್ಲೊಂದು ತೊಡಕಿದೆ. ಪರಂಪರೆಯ ಶಿಲ್ಪಿಗೆ ಭಿನ್ನ ಮೂರ್ತಿಯನ್ನು ಕಡೆ ಎಂದರೆ ಕೈ ಏಳುವುದಿಲ್ಲ. ಅಂಗ ಊನವಾದ ದೇವರನ್ನು ಮಾಡಬಾರದೆಂದು ಅವನಿಗೆ ಚಿಕ್ಕಂದಿನಿಂದ ಕಲಿಸಿರುತ್ತಾರೆ, ಆ ಮಾತನ್ನು ತೆಗೆದುಹಾಕುವ ಹಕ್ಕು ಲೇಖನ ಬರೆಯುವವನಿಗಿಲ್ಲ. ಶಾಸ್ತ್ರದ ನಿಷೇಧ ಪೂಜೆಯ ಮೂರ್ತಿಗೆ, ಇದು ನೋಡುವ ಮೂರ್ತಿ ಎಂದು ವಾದಿಸಬಹುದು. ಒಪ್ಪುವುದು ಬಿಡುವುದು ಅವನಿಗೆ ಸೇರಿದ್ದು. ಆಗ ಕೆಲಸವನ್ನು ಹಂಚಬಹುದು. ಇದ್ದ ಹಾಗಿನ ಪ್ರತಿ ಯಂತ್ರದ್ದೋ ಫೈಬರಿನದೋ ಆಗಲಿ. ಕಲ್ಲಿನ ಶಿಲ್ಪಿ ತನ್ನ ಧ್ಯಾನಶ್ಲೋಕ, ತನ್ನ ತಾಳಮಾನದ ಲೆಕ್ಕದಿಂದ ಅವಳ ಕೈ ಹೇಗಿದ್ದವು, ಮುಖ ಹೇಗಿತ್ತು ಎಂದು ಊಹಿಸಿ ಪೂರ್ಣಮೂರ್ತಿ ಕಡೆಯಲಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಉಳಿದದ್ದು, ಯಾವುದು ಊಹೆ ಎಂದು ಬರೆದುಬಿಡಿ.

ಒಂದು ಜೋಡಿಯನ್ನು ಗದುಗಿನಲ್ಲಿಡಿ. ಚಿಕ್ಕ ಅಳತೆಯ ಪ್ರತಿಗಳು ಸೊರಟೂರ, ಮುಳಗುಂದ, ಡಂಬಳ, ಲಕ್ಷ್ಮೇಶ್ವರದ ಶಾಲೆಗಳಿಗೆ ಹೋಗಲಿ. ಆಯಾ ಊರಿನ ವೀರಗಲ್ಲು, ಸಪ್ತಮಾತೃಕೆಯರ ಪ್ರತಿಗಳೂ ಜೊತೆಗಿದ್ದರೆ, ಅಗಸಿಯ ಕಲ್ಲಿಗೆ ಮುಂದಿನ ಸಲ ಪೇಂಟ್ ಬಳಿಯಲು ಹೊರಟ ಅಪ್ಪನನ್ನು ಮಗಳೇ ತಡೆದಾಳು. ಕಣ್ಣು ಕಾಣದ ಮಕ್ಕಳಿಗಂತೂ ಶಿಲ್ಪ ಎಂದರೆ ಬೆರಳಿನಿಂದ ತಿಳಿಯುವಂಥದ್ದು. ಮೂಲವನ್ನು ಅವರು ಮುಟ್ಟುವಂತಿಲ್ಲ. ಹಾಗಾಗಿ ಶಾಲೆಗೆ ಕಳಿಸುವ ಪ್ರತಿಯ ಜೊತೆ 'ಮುಟ್ಟಬಾರದು' ಎಂಬ ಫಲಕವನ್ನೂ ಕಳಿಸಬೇಡಿ.